ಕಟ್ಟೆ ಮೇಸ್ತ್ರಿ ಒಡೆದ ಕಟ್ಟೆಗಳು

ನಮ್ಮ ದೊಡ್ಡಪ್ಪನನ್ನು ಎದೆ ಆಸ್ಪತ್ರೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗೇಟಿನ ವಾಚ್‌ಮನ್‌ನಿಂದ ಹಿಡಿದು ದೊಡ್ಡ ಡಾಕ್ಟರ ತನಕ ಎಲ್ಲರಿಗೂ ಅವರು ಕಟ್ಟೆ ಮೇಸ್ತ್ರಿ. ಆಸ್ಪತ್ರೆಯಲ್ಲಿ ಗಾರೆ ಕೆಲಸ ಅಂದರೆ ಏನೇನಿರುತ್ತದೆ ಯೋಚನೆ ಮಾಡಿ. ಸೋರುವ ಸಿಂಕು, ಎದ್ದುಹೋದ ಟೈಲ್ಸು, ಸ್ಟ್ರೆಚರ್ ಗುದ್ದಿ ಗುದ್ದಿ ಮೂಲೆ ಮುರಿದ ಗೋಡೆ. ಇಷ್ಟು ವರ್ಷ ಅದನ್ನೆಲ್ಲ ಸರಿ ಮಾಡಿದವರೂ ಅವರೇ. ಆದರೆ ಸಿಂಕು ಮೇಸ್ತ್ರಿ ಅಂತ ಯಾರೂ ಅನ್ನಲಿಲ್ಲ. ಜನ ನೆನಪಿಟ್ಟುಕೊಂಡದ್ದು ತಾವು ಕೂತ ಜಾಗವನ್ನು.

ಆ ಆಸ್ಪತ್ರೆಯ ಗೇಟಿನಿಂದ ವಾರ್ಡಿನ ಬಾಗಿಲ ತನಕ ರಸ್ತೆಯ ಎರಡೂ ಬದಿಗೆ ಪೈನ್ ಮರಗಳಿವೆ. ಎದೆ ರೋಗದವರಿಗೆ ಪೈನ್ ಮರದ ಗಾಳಿ ಒಳ್ಳೆಯದು ಅಂತ ಹಿಂದೆ ಯಾರೋ ನಂಬಿ ನೆಟ್ಟ ಮರಗಳು. ರೋಗಿಗಳಿಗೆ ಗಾಳಿ ಎಷ್ಟು ಸಿಕ್ಕಿತೋ ಗೊತ್ತಿಲ್ಲ, ರೋಗಿಗಳ ಕಡೆಯವರಿಗೆ ನೆರಳಂತೂ ಸಿಕ್ಕಿತು. ಒಳಗೆ ಬಿಡುವುದು ಸಂಜೆ ಮಾತ್ರ. ಬೆಳಗ್ಗೆ ಬಂದವರು ಸಂಜೆಯ ತನಕ ಹೊರಗೇ ಇರಬೇಕು.

ದೊಡ್ಡಪ್ಪ ಆಗ ಇನ್ನೂ ಹುಡುಗ, ಆಸ್ಪತ್ರೆಯ ಕೆಲಸಕ್ಕೆ ಸೇರಿ ಸ್ವಲ್ಪ ದಿನವಾಗಿತ್ತು ಅಷ್ಟೆ. ಅಜ್ಜಿಗೆ ಕೆಮ್ಮು ಜಾಸ್ತಿಯಾಗಿ ಅದೇ ಆಸ್ಪತ್ರೆಗೆ ಸೇರಿಸಿದರು. ಕೆಲಸ ಮುಗಿಸಿ ಅವರೂ ಗೇಟಿನ ಪಕ್ಕದ ದೊಡ್ಡ ಮರದ ಕೆಳಗೆ ಕಾಯುತ್ತಿದ್ದರು. ನೆಲದ ಮೇಲೆ ಕೂತರೆ ಇರುವೆ, ನಿಂತರೆ ಕಾಲು ನೋವು. ಪಕ್ಕದಲ್ಲಿ ತುಂಬು ಬಸುರಿ ಒಬ್ಬಳು ದಿನಾ ಬಂದು ಚೀಲ ಹಾಸಿಕೊಂಡು ಕೂರುತ್ತಿದ್ದಳಂತೆ. ಎದ್ದೇಳುವಾಗ ಪ್ರತಿ ಸಲ ಮರವನ್ನು ತಬ್ಬಿಕೊಂಡು ಏಳುತ್ತಿದ್ದಳಂತೆ. ಅಜ್ಜಿ ಗುಣವಾಗಿ ಮನೆಗೆ ಬಂದರು, ಆಮೇಲೂ ಎಷ್ಟೋ ವರ್ಷ ಎಲ್ಲರನ್ನೂ ಬೈದುಕೊಂಡು ಚೆನ್ನಾಗಿಯೇ ಬದುಕಿದರು. ದೊಡ್ಡಪ್ಪನಿಗೆ ಮಾತ್ರ ಆ ಬಸುರಿ ಹೆಂಗಸು ತಲೆಯಿಂದ ಹೋಗಲಿಲ್ಲ. ಅಡುಗೆಮನೆ ರಿಪೇರಿಯಲ್ಲಿ ಮಿಕ್ಕ ಇಟ್ಟಿಗೆ, ಅರ್ಧ ಚೀಲ ಸಿಮೆಂಟು ಕೇಳಿ ತೆಗೆದುಕೊಂಡು ಆ ಮರದ ಸುತ್ತ ಮೊದಲ ಕಟ್ಟೆ ಕಟ್ಟಿದರು.

ಆಮೇಲೆ ನಿಲ್ಲಲಿಲ್ಲ. ವರ್ಷಕ್ಕೊಂದೋ ಎರಡೋ. ಅವರ ಕಟ್ಟೆ ಅಂದರೆ ಸುಮ್ಮನೆ ಕಟ್ಟೆಯಲ್ಲ. ಮರದ ಸುತ್ತ ಅಗೆದು, ಅಡ್ಡ ಬಂದ ಬೇರನ್ನು ಕಡಿದು, ಜಲ್ಲಿ ತುಂಬಿ ದಿಮ್ಮಸ್ಸು ಹೊಡೆದು ನೆಲವನ್ನು ಕಲ್ಲಿನಂತೆ ಮಾಡುತ್ತಿದ್ದರು. ಮೇಲೆ ಕಂಬಿ, ಅದರ ಮೇಲೆ ಕಾಂಕ್ರೀಟು, ಅಂಗೈ ಜಾರುವಷ್ಟು ನುಣುಪಾದ ಗಾರೆ. ಬೊಡ್ಡೆಗೂ ಕಟ್ಟೆಗೂ ನಡುವೆ ಬೆರಳು ತೂರುವಷ್ಟು ಸಂದಿ ಉಳಿದರೆ ಅದಕ್ಕೂ ಸಿಮೆಂಟು ತುಂಬುತ್ತಿದ್ದರು, ಇರುವೆ ಬರಬಾರದು ಅಂತ. ಅಂಚನ್ನು ಗುಂಡಗೆ ಮಾಡುತ್ತಿದ್ದರು, ಮಕ್ಕಳು ಬಿದ್ದರೆ ಪೆಟ್ಟಾಗಬಾರದು ಅಂತ. ಕೆಲಸ ಮುಗಿದ ಮೇಲೆ ನಾಲ್ಕೂ ಕಡೆ ಕೂತು ನೋಡುತ್ತಿದ್ದರು.

"ಕುಂಡೆಗೆ ಗೊತ್ತಾಗುತ್ತೆ ಕಣೋ ಮಟ್ಟ. ಮಟ್ಟಗೋಲು ಸುಳ್ಳು ಹೇಳಬಹುದು, ಇದು ಹೇಳಲ್ಲ," ಅಂತ ನಮಗೆಲ್ಲ ಹೇಳಿ ನಗಿಸುತ್ತಿದ್ದರು.

ಆ ಕಟ್ಟೆಗಳ ಮೇಲೆ ಎಷ್ಟು ಜನ ಕೂತರು, ಎಷ್ಟು ಜನ ಅತ್ತರು, ಎಷ್ಟು ಜನ ಮಲಗಿ ಗೊರಕೆ ಹೊಡೆದರು, ಲೆಕ್ಕವಿಲ್ಲ. ಒಂದೇ ದೂರು ಬರುತ್ತಿತ್ತು. ಅಂಟು. ಪೈನ್ ಮರ ಬೇಸಿಗೆಯಲ್ಲಿ ಅಂಟು ಸುರಿಸುತ್ತದೆ. ಜೇನಿನಂತೆ ಹೊಳೆಯುವ ಹನಿ, ಮೂಗಿಗೆ ಹಿತವಾದ ವಾಸನೆ, ಬಟ್ಟೆಗೆ ತಾಗಿದರೆ ಮುಗಿಯಿತು ಕಥೆ. ಹೆಡ್ ನರ್ಸ್ ಅಕ್ಕನ ಬಿಳಿ ಯೂನಿಫಾರಂ ಮೇಲೆ ಒಂದು ಸಲ ಅಂಟಿಕೊಂಡು, ಆಕೆ ಕಟ್ಟೆಯಿಂದ ಏಳುವಾಗ ಪರ್ರೆಂದು ಸದ್ದಾಗಿ, ರೋಗಿಗಳ ಕಡೆಯವರೆಲ್ಲ ಮುಖ ತಿರುಗಿಸಿ ನಗುವಂತಾಯಿತು. ಆಕೆ ದೊಡ್ಡಪ್ಪನ ಹತ್ತಿರ ಒಂದು ವಾರ ಮಾತಾಡಲಿಲ್ಲ. ದೊಡ್ಡಪ್ಪ ಸೀಮೆಎಣ್ಣೆ ಬಟ್ಟೆ ಹಿಡಿದು ಆಗಾಗ ಕಟ್ಟೆ ಒರೆಸುತ್ತಿದ್ದರು.

ಹಾಗಿರುವಾಗ ಒಂದು ವರ್ಷ ಮಳೆ ಕೈಕೊಟ್ಟಿತು. ಮರುವರ್ಷವೂ ಮೋಡ ಬಂದು ಮುಖ ತೋರಿಸಿ ಹೋಯಿತು. ಚಳಿಗಾಲವೂ ಹೆಸರಿಗೆ ಮಾತ್ರ ಬಂತು. ದೊಡ್ಡಮ್ಮ ಸ್ವೆಟರುಗಳನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಆ ಬೇಸಿಗೆಯಲ್ಲಿ ಕಟ್ಟೆಗಳ ಮೇಲೆ ಅಂಟು ಬೀಳಲಿಲ್ಲ.

ಎಲ್ಲರಿಗೂ ಖುಷಿ. ಹೆಡ್ ನರ್ಸ್ ಅಕ್ಕ ದೊಡ್ಡಪ್ಪನನ್ನು ನಿಲ್ಲಿಸಿ, "ಏನ್ ಮಾಡಿದ್ರಿ ಮೇಸ್ತ್ರಿ? ಕಟ್ಟೆ ಈ ಸಲ ಎಷ್ಟು ಕ್ಲೀನಾಗಿದೆ!" ಅಂದರು.

ದೊಡ್ಡಪ್ಪ ಏನೂ ಮಾಡಿರಲಿಲ್ಲ. ಆದರೂ ಹೊಗಳಿಕೆಯನ್ನು ಬೇಡ ಅನ್ನಲಿಲ್ಲ. ಮನೆಗೆ ಬಂದು ಹೇಳಿದಾಗ ದೊಡ್ಡಮ್ಮ, "ಅಂತೂ ನಿಮ್ಮ ಮರಗಳಿಗೆ ಬುದ್ಧಿ ಬಂತು. ನಿಮಗೆ ಯಾವಾಗ ಬರತ್ತೆ?" ಅಂದರು. ಎಲ್ಲರೂ ನಕ್ಕೆವು.

ಅಂಟಿನ ಬದಲು ಬೇರೊಂದು ಬಂತು. ಬೊಡ್ಡೆಯ ಬುಡದಲ್ಲಿ, ಕಟ್ಟೆಯ ಮೇಲೆ, ಕಾಫಿಪುಡಿಯಂಥ ಕೆಂಪು ಹೊಟ್ಟು. ಗುಡಿಸುವ ಹೆಂಗಸು ಇರುವೆ ಇರಬೇಕು ಅಂದುಕೊಂಡು ದಿನಾ ಗುಡಿಸಿ ಎಸೆದಳು. ಒಂದು ಮರದ ತುದಿ ಹಳದಿಯಾಯಿತು. ಸೂಜಿಯಂಥ ಎಲೆಗಳು ನೋಡನೋಡುತ್ತ ತುಕ್ಕಿನ ಬಣ್ಣಕ್ಕೆ ತಿರುಗಿದವು. ಅದನ್ನು ಕಡಿದು ಹಾಕಿದರು. ಅಷ್ಟರಲ್ಲಿ ಪಕ್ಕದ್ದು ಹಳದಿಯಾಗಿತ್ತು. ಅದನ್ನು ಕಡಿದರು, ಅದರ ಪಕ್ಕದ್ದೂ ಹಳದಿಯಾಗಿ ಅದನ್ನೂ ಕಡಿದರು. ಆಗ ದೊಡ್ಡ ಡಾಕ್ಟರು ಊರಿನ ತೋಟಗಾರಿಕೆಯವರಿಗೆ ಫೋನು ಮಾಡಿದರು. ಅಲ್ಲಿಂದ ಬಂದವರೇ ಮರದ ಡಾಕ್ಟರಮ್ಮ.

ಅದು ವಾಚ್‌ಮನ್ ಇಟ್ಟ ಹೆಸರು. ತೆಳ್ಳಗಿನ ಹುಡುಗಿ, ಕುತ್ತಿಗೆಗೆ ದಾರ ಕಟ್ಟಿದ ಭೂತಗನ್ನಡಿ, ಕೈಯಲ್ಲಿ ಒಂದು ಚಾಕು. ಮರದಿಂದ ಮರಕ್ಕೆ ಹೋಗಿ ತೊಗಟೆಗೆ ಕಣ್ಣು ಹಚ್ಚಿ ನೋಡಿದಳು. ಆಮೇಲೆ ಕಟ್ಟೆ ಕಟ್ಟಿದವರನ್ನು ಕರೆಸಿ ಅಂದಳು. ಒಂದು ಸತ್ತ ಮರದ ತೊಗಟೆಯನ್ನು ಚಾಕುವಿನಿಂದ ಎಬ್ಬಿಸಿ ಒಳಗಿನ ಕಪ್ಪು ಹುಳವನ್ನು ದೊಡ್ಡಪ್ಪನ ಅಂಗೈ ಮೇಲೆ ಇಟ್ಟಳು. ಅಕ್ಕಿ ಕಾಳಿಗಿಂತ ಚಿಕ್ಕದು.

"ಇಷ್ಟಿದೆ. ಇದು ಅಷ್ಟು ದೊಡ್ಡ ಮರ ಕೆಡವಿತಾ ಮೇಡಂ?" ಅಂದರು ದೊಡ್ಡಪ್ಪ.

"ಒಂದಲ್ಲ ಮೇಸ್ತ್ರಿ. ಮೊದಲು ಬಂದಿದ್ದು ವಾಸನೆ ಬಿಟ್ಟು ಉಳಿದವನ್ನ ಕರೀತದೆ. ಬನ್ರೋ, ಮನೆ ಸಿಕ್ತು ಅಂತ. ಸಾವಿರಾರು ಬಂದು ಕೂರ್ತವೆ."

"ಎಲ್ಲಿಂದ ಬಂತು ಈ ಹುಳ?"

"ಎಲ್ಲಿಂದಲೂ ಬರ್ಲಿಲ್ಲ. ಯಾವಾಗ್ಲೂ ಇಲ್ಲೇ ಇತ್ತು. ಮರ ಗಟ್ಟಿಯಾಗಿದ್ರೆ, ಹುಳ ತೂತು ಕೊರೆದ ತಕ್ಷಣ ಅಂಟು ಉಗುಳತ್ತೆ. ಹುಳ ಅದರಲ್ಲೇ ಸಿಕ್ಕಿಹಾಕ್ಕೊಂಡು ಸಾಯತ್ತೆ. ಆದ್ರೆ ಉಗುಳಬೇಕು ಅಂದ್ರೆ ಒಳಗೆ ನೀರು ಇರಬೇಕಲ್ಲ? ಬಾಯಿ ಒಣಗಿದವನು ಎಲ್ಲಿಂದ ಉಗುಳ್ತಾನೆ ಹೇಳಿ. ಸಾಲದ್ದಕ್ಕೆ ಚಳಿಯೂ ಬರ್ಲಿಲ್ಲ. ಚಳಿಗೆ ಸಾಯಬೇಕಾಗಿದ್ದ ಹುಳ ಎಲ್ಲಾ ಉಳ್ಕೊಂಡ್ವು."

"ಹಂಗಾದ್ರೆ ಮಳೇನ ಕೇಳಿ, ಚಳೀನ ಕೇಳಿ. ನನ್ನ ಯಾಕೆ ಕರೆಸಿದ್ರಿ?"

ಹುಡುಗಿ, "ಬನ್ನಿ, ಒಂದು ಮರ ತೋರಿಸ್ತೀನಿ," ಅಂತ ಬಟ್ಟೆ ಒಗೆಯುವ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದಳು.

ಅಲ್ಲೂ ಪೈನ್ ಮರಗಳಿದ್ದವು, ಅದೇ ವಯಸ್ಸಿನವು. ಯಾರೂ ಹೋಗದ ಜಾಗ, ಆದ್ದರಿಂದ ಕಟ್ಟೆ ಇಲ್ಲ. ಯಾರೂ ಗುಡಿಸದ ಜಾಗ, ಆದ್ದರಿಂದ ಉದುರಿದ ಸೂಜಿ ಎಲೆ ಹಾಸಿಗೆಯಂತೆ ಬಿದ್ದಿತ್ತು. ಆ ಮರಗಳ ತೊಗಟೆಯ ಮೇಲೆ ಅಲ್ಲಲ್ಲಿ ಕರಗಿದ ಮೇಣದಬತ್ತಿಯಂತೆ ಬಿಳಿ ಗಡ್ಡೆಗಳು. ಒಂದೊಂದು ಗಡ್ಡೆಯೂ ಒಂದೊಂದು ಹುಳದ ಗೋರಿ. ಡಾಕ್ಟರಮ್ಮ ಎಲೆಯ ಹಾಸನ್ನು ಸರಿಸಿ, "ಬೆರಳು ಇಡಿ," ಅಂದಳು. ದೊಡ್ಡಪ್ಪ ಬೆರಳಿಟ್ಟರು. ಎರಡು ವರ್ಷ ಮಳೆ ಇಲ್ಲದಿದ್ದರೂ ಮಣ್ಣು ಒಳಗೆ ತಣ್ಣಗಿತ್ತು.

"ಅಲ್ಲಿ ಇರೋ ಮಳೆನೇ ಇಲ್ಲೂ. ಅಲ್ಲಿ ಇರೋ ಹುಳನೇ ಇಲ್ಲೂ. ಬಂದ ನಾಲ್ಕು ಹನಿ ಇಲ್ಲಿ ಒಳಗೆ ಇಳೀತು. ಅಲ್ಲಿ ಸಿಮೆಂಟಿನ ಮೇಲೆ ಬಿದ್ದು ಚರಂಡಿಗೆ ಹೋಯ್ತು," ಅಂದಳು.

ದೊಡ್ಡಪ್ಪ ಬೆರಳನ್ನು ಪಂಚೆಗೆ ಒರೆಸಿಕೊಂಡರು. "ನನ್ನ ಕಟ್ಟೆ ಮರಕ್ಕೆ ಏನ್ ಮಾಡ್ತು ಮೇಡಂ? ಪಾಪ, ಅದರ ಪಾಡಿಗೆ ಅದು ಕೂತಿದೆ."

"ಹೌದು ಮೇಸ್ತ್ರಿ. ಎದೆ ಮೇಲೆ ಕೂತಿದೆ."

ಆ ದಿನ ಸಂಜೆ ಮನೆಗೆ ಬಂದವರು ಚಪ್ಪಲಿ ಕಳಚಿ ಹೊಸ್ತಿಲ ಹತ್ತಿರವೇ ಕೂತುಬಿಟ್ಟರು. ದೊಡ್ಡಮ್ಮ ಒಳಗಿನಿಂದ ಎರಡು ಸಲ ಕರೆದರು.

"ಊಟಕ್ಕೆ ಬರ್ತೀರೋ, ಅಲ್ಲೇ ಕೂತು ಗೋಡೆ ನೆಟ್ಟಗಿದ್ಯಾ ನೋಡ್ತೀರೋ?"

"ಹಸಿವಿಲ್ಲ ಕಣೇ."

"ಹಸಿವಿಲ್ವಾ? ಜ್ವರ ಗಿರ ಬಂತಾ?" ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ಬಂದು ಹಣೆ ಮುಟ್ಟಿದರು. "ತಣ್ಣಗಿದೀರ. ಏನಾಯ್ತು ಹೇಳಿ."

"ನಾನು ಕಟ್ಟಿದ್ದೇ ತಪ್ಪಂತೆ."

"ಯಾರು ಅಂದಿದ್ದು?"

"ಮರ ನೋಡೋಕೆ ಬಂದಿದ್ಲಲ್ಲ, ಆ ಹುಡುಗಿ. ನಮ್ಮ ಮಗಳಿಗಿಂತ ಚಿಕ್ಕವಳು."

"ಹಂಗಾದ್ರೆ ನಿಜಾನೇ ಇರತ್ತೆ. ನಮ್ಮ ಮಗಳು ನಿಮ್ಮ ಬಗ್ಗೆ ಅಂದಿದ್ದು ಯಾವತ್ತಾದ್ರೂ ಸುಳ್ಳಾಗಿದ್ಯಾ?"

ಬೇರೆ ದಿನವಾಗಿದ್ದರೆ ದೊಡ್ಡಪ್ಪ ತಿರುಗಿ ಒಂದು ಮಾತು ಎಸೆಯುತ್ತಿದ್ದರು. ಅವತ್ತು ಎಸೆಯಲಿಲ್ಲ. ದೊಡ್ಡಮ್ಮನ ಮುಖ ಚಿಕ್ಕದಾಯಿತು. ತಟ್ಟೆಯನ್ನು ಹೊಸ್ತಿಲಿಗೇ ತಂದಿಟ್ಟು ಪಕ್ಕದಲ್ಲಿ ಕೂತರು.

ಮಾರನೆ ದಿನ ದೊಡ್ಡಪ್ಪ ಯಾರಿಗೂ ಹೇಳದೆ, ಕಡಿದು ಹಾಕಿದ ಮರದ ಕಟ್ಟೆಯೊಂದನ್ನು ಒಡೆದು ನೋಡಿದರು. ಅವರಿಗೆ ಕಣ್ಣಾರೆ ಕಾಣಬೇಕಿತ್ತು. ಮೇಲಿನ ಕಾಂಕ್ರೀಟು ಎದ್ದ ಮೇಲೆ ಕೆಳಗೆ ಕಂಡದ್ದನ್ನು ಆಮೇಲೆ ನನಗೆ ಬಿಡಿಬಿಡಿಯಾಗಿ ಹೇಳಿದರು. ಮಣ್ಣು ಹಿಟ್ಟಿನಂತೆ ಒಣಗಿತ್ತು, ಊದಿದರೆ ಹಾರುವಷ್ಟು. ಬೇರುಗಳು ಕೆಳಗೆ ಹೋಗುವ ಬದಲು ಮೇಲಕ್ಕೆ ಬಂದಿದ್ದವು. ಬೆಳಗಿನ ಹೊತ್ತು ಕಾಂಕ್ರೀಟಿನ ಅಡಿಭಾಗ ಬೆವರುತ್ತದಲ್ಲ, ಆ ಪಸೆಗೋಸ್ಕರ. ಕಾಂಕ್ರೀಟಿನ ಹೊಟ್ಟೆಗೆ ಅಂಟಿಕೊಂಡು ಸುತ್ತಿ ಸುತ್ತಿ ಕೊನೆಗೆ ಒಣಗಿದ್ದವು.

"ನೆಕ್ಕಿದೆ ಕಣೋ ಅದು. ನನ್ನ ಸಿಮೆಂಟನ್ನ ನೆಕ್ಕಿದೆ," ಅಂದರು.

ಉಳಿದ ಮರಗಳಿಗೆ ಏನು ಮಾಡುವುದು ಅನ್ನುವ ಮಾತು ಬಂದಾಗ ದೊಡ್ಡ ಡಾಕ್ಟರು ಸುಲಭದ ದಾರಿ ಹೇಳಿದರು. "ಜೆಸಿಬಿ ತರಿಸೋಣ. ಒಂದು ಬೆಳಗ್ಗೆ ಎಲ್ಲಾ ಎದ್ದು ಹೋಗತ್ತೆ."

"ಕಟ್ಟೆ ಜೊತೆ ಬೇರೂ ಎದ್ದು ಹೋಗತ್ತೆ ಸರ್," ಅಂದಳು ಡಾಕ್ಟರಮ್ಮ. "ಬೇರಿಗೆ ಗಾಯ ಆದ್ರೆ ಮರ ಇನ್ನೂ ಸೊರಗತ್ತೆ. ಗಾಯದ ವಾಸನೆಗೇ ಹುಳ ಬರತ್ತೆ. ಕೈಯಲ್ಲೇ ಒಡೀಬೇಕು. ನಿಧಾನಕ್ಕೆ." ಆಮೇಲೆ ದೊಡ್ಡಪ್ಪನ ಕಡೆ ತಿರುಗಿದಳು. "ಕಂಬಿ ಎಲ್ಲಿದೆ, ಕಲ್ಲು ಎಲ್ಲಿದೆ, ಬೇರು ಎಲ್ಲಿ ಬಿಟ್ರಿ, ನಿಮಗೆ ಮಾತ್ರ ಗೊತ್ತು."

ದೊಡ್ಡಪ್ಪನ ಮೊಣಕಾಲು ಆಗಲೇ ಕೈಕೊಟ್ಟಿತ್ತು. ನಿವೃತ್ತಿಗೆ ಸ್ವಲ್ಪವೇ ದಿನ ಉಳಿದಿತ್ತು. ಆಗುವುದಿಲ್ಲ ಅನ್ನಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಒಂದೇ ಮಾತು ಕೇಳಿದರು. "ಗೇಟಿನ ಹತ್ತಿರದ್ದು ಕೊನೆಗೆ ಇಟ್ಕೊಳ್ಳಲಾ?"

"ಬೇಡ ಮೇಸ್ತ್ರಿ. ಸತ್ತ ಮರಗಳಿಗೆ ಹತ್ತಿರ ಇರೋದೇ ಅದು. ಅದರಿಂದಲೇ ಶುರು ಮಾಡಿ."

"ಅಲ್ಲಿ ಜನ ಜಾಸ್ತಿ ಮೇಡಂ. ಬಸ್ಸಿಂದ ಇಳಿದವರು ಮೊದಲು ಕೂರೋದೇ ಅಲ್ಲಿ. ಉಳಿದವನ್ನ ಮುಗಿಸ್ಕೊಂಡು ಬರ್ತೀನಿ."

ಜನ ಜಾಸ್ತಿ ಅನ್ನುವುದು ನಿಜವೇ. ಆದರೆ ಅದು ಅವರ ಕೈಯ ಮೊದಲ ಕಟ್ಟೆ ಅನ್ನುವುದೂ ಎಲ್ಲರಿಗೂ ಗೊತ್ತಿತ್ತು. ಹುಡುಗಿ ಒತ್ತಾಯ ಮಾಡಲಿಲ್ಲ. "ಬಿಸಿಲು ಜೋರಾದ್ರೆ ಹುಳ ಹಾರತ್ತೆ. ಅಷ್ಟರೊಳಗೆ ಮುಗೀಲಿ," ಅಂದಳು.

ಒಡೆಯುವುದು ಕಟ್ಟುವುದಕ್ಕಿಂತ ಕಷ್ಟ ಅಂತ ಗೊತ್ತಾದದ್ದು ಆಗ. ಉಳಿ ಇಟ್ಟು ಸುತ್ತಿಗೆ ಹೊಡೆದರೆ ಕಿಡಿ ಹಾರುತ್ತಿತ್ತೇ ಹೊರತು ಚೂರು ಏಳುತ್ತಿರಲಿಲ್ಲ. ದೊಡ್ಡಪ್ಪ ಬೆವರು ಒರೆಸಿಕೊಂಡು, "ಯಾವ ನನ್ನ ಮಗ ಕಟ್ಟಿದ್ನೋ ಇದನ್ನ, ಇಷ್ಟು ಗಟ್ಟಿ ಯಾಕೆ ಬೇಕಿತ್ತೋ ಅವನಿಗೆ," ಅಂತ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು. ಕೂತವರಂತೂ ಏಳುತ್ತಿರಲಿಲ್ಲ. ಒಬ್ಬ ಮುದುಕ ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು, "ಒಡ್ಕೊಳ್ಳಪ್ಪ, ಆ ಕಡೆಯಿಂದ ಒಡ್ಕೊಂಡು ಬಾ. ನಾನು ಈ ಕಡೆ ಕೂತಿರ್ತೀನಿ. ನೀನು ಹತ್ತಿರ ಬರೋಷ್ಟರಲ್ಲಿ ನನ್ನ ಸೊಸೆಗೆ ಡಿಸ್ಚಾರ್ಜ್ ಆಗಿರತ್ತೆ," ಅಂದ. ಒಬ್ಬ ಹೆಂಗಸು ಮಾತ್ರ ಜೋರು ಮಾಡಿದಳು.

"ಕೂರೋಕೆ ಇದ್ದ ಒಂದು ಜಾಗಾನೂ ಕಿತ್ತಾಕ್ತೀರಲ್ಲ, ನಿಮ್ಮ ಮನೆಯವರು ಯಾರೂ ಆಸ್ಪತ್ರೆ ಸೇರಿಲ್ವಾ?"

ದೊಡ್ಡಪ್ಪ ಸುತ್ತಿಗೆ ಕೆಳಗಿಟ್ಟು ಅವಳ ಮುಖ ನೋಡಿದರು. ಏನೋ ಹೇಳಲು ಹೊರಟು, "ಆ ಕಡೆ ನೆರಳಿದೆ ತಾಯಿ, ಅಲ್ಲಿ ಹೋಗಿ," ಅಂತಷ್ಟೇ ಅಂದರು.

ಒಂದೊಂದೇ ಕಟ್ಟೆ ಎದ್ದಿತು. ಎದ್ದ ಕಡೆ ಮಣ್ಣನ್ನು ಕೈಯಿಂದಲೇ ಸಡಿಲ ಮಾಡಿ, ಮೇಲೆ ಸೂಜಿ ಎಲೆ ಹರಡಿ, ಹಳೆಯ ಡ್ರಮ್ಮಿನಿಂದ ಸಣ್ಣ ಪೈಪು ಎಳೆದು ನೀರು ಬಿಡುತ್ತಿದ್ದರು. ದೊಡ್ಡಪ್ಪ ಮೊದಲು ಬೊಡ್ಡೆಗೇ ಪೈಪು ಇಟ್ಟಿದ್ದರು. ಬೊಡ್ಡೆ ನೀರು ಕುಡಿಯುವುದಿಲ್ಲ, ಕೊಂಬೆಯ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿರುವ ಎಳೆ ಬೇರು ಕುಡಿಯುತ್ತದೆ ಅಂತ ಡಾಕ್ಟರಮ್ಮ ತಿದ್ದಿದಳು. ಗುಡಿಸುವ ಹೆಂಗಸಿಗೆ ಸೂಜಿ ಎಲೆ ಮುಟ್ಟಬೇಡ ಅಂತ ಹೇಳಿದಾಗ ಆಕೆ ಸೊಂಟದ ಮೇಲೆ ಕೈಯಿಟ್ಟು, "ಗುಡಿಸಬೇಡ ಅಂದ ಮೊದಲನೇ ಗಂಡಸು ನೀವೇ ಮೇಸ್ತ್ರಿ. ಬರೆದುಕೊಡ್ತೀರಾ? ಮನೇಲಿ ತೋರಿಸ್ತೀನಿ," ಅಂದಳು.

ನಾನು ಕಾಲೇಜು ಮುಗಿಸಿ ಸ್ಕೂಟರಿನಲ್ಲಿ ಅವರನ್ನು ಕರೆತರಲು ಹೋಗುತ್ತಿದ್ದೆ. ಕೆಲವು ಸಲ ಹಿಂದೆ ಕೂತವರ ತಲೆ ನನ್ನ ಬೆನ್ನಿಗೆ ತಾಗುತ್ತಿತ್ತು, ನಿದ್ದೆ ಬಂದಿರುತ್ತಿತ್ತು. ಮನೆಗೆ ಬಂದರೆ ದೊಡ್ಡಮ್ಮ ಬಿಸಿನೀರಿನ ಬಟ್ಟೆ ಮೊಣಕಾಲಿಗೆ ಸುತ್ತುತ್ತ, "ಕಟ್ಟುವಾಗ ಕೈ ನೋವು, ಒಡೆಯುವಾಗ ಕಾಲು ನೋವು. ತಲೆಗೆ ಮಾತ್ರ ಯಾವಾಗ್ಲೂ ರಜಾ," ಅನ್ನುತ್ತಿದ್ದರು.

ಗೇಟಿನ ಕಟ್ಟೆ ಉಳಿದುಕೊಂಡೇ ಇತ್ತು. ಪ್ರತಿ ಸಲವೂ ಅವರಿಗೆ ಒಂದು ನೆಪ ಸಿಗುತ್ತಿತ್ತು. ಒಂದು ದಿನ ಉಳಿ ಮೊಂಡಾಗಿದೆ, ಇನ್ನೊಂದು ದಿನ ಜನ ಜಾಸ್ತಿ. ಕೊನೆಗೆ ಬೇರೆ ಕಟ್ಟೆ ಯಾವುದೂ ಉಳಿಯಲಿಲ್ಲ, ನೆಪವೂ ಉಳಿಯಲಿಲ್ಲ. ಅಷ್ಟು ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಸುತ್ತಿಗೆ ಹಿಡಿದು ಹೋದ ಬೆಳಗ್ಗೆ, ಗೇಟಿನ ಮರದ ಬುಡದಲ್ಲಿ ಕಟ್ಟೆಯ ಮೇಲೆ ಕೆಂಪು ಹೊಟ್ಟು ಬಿದ್ದಿತ್ತು.

ಅವರು ಯಾರನ್ನೂ ಕರೆಯಲಿಲ್ಲ. ಕೂತಿದ್ದವರನ್ನು ಎಬ್ಬಿಸಿ ಒಡೆಯಲು ಶುರು ಮಾಡಿದರು. ಊಟಕ್ಕೆ ಏಳಲಿಲ್ಲ. ನಾನು ಹೋಗುವ ಹೊತ್ತಿಗೆ ಕಟ್ಟೆ ಅರ್ಧ ಎದ್ದಿತ್ತು, ಅಂಗೈಯಲ್ಲಿ ಬೊಬ್ಬೆ ಒಡೆದು ಸುತ್ತಿಗೆಯ ಹಿಡಿ ಒದ್ದೆಯಾಗಿತ್ತು.

"ದೊಡ್ಡಪ್ಪ, ಸಾಕು, ನಾಳೆ ಮಾಡೋಣ."

"ನಾಳೆ ನಾಳೆ ಅಂತಲೇ ಇಲ್ಲಿಗೆ ಬಂದಿದ್ದು. ನೀನು ಆ ಪೈಪು ಎಳ್ಕೊಂಡು ಬಾ."

ಎರಡು ದಿನ ಬಿಟ್ಟು ಡಾಕ್ಟರಮ್ಮ ಬಂದಳು. ಭೂತಗನ್ನಡಿ ಹಿಡಿದು ಆ ಮರದ ಸುತ್ತ ಬಂದಳು. ತೂತುಗಳು ತುಂಬ ಇದ್ದವು. ಯಾವ ತೂತಿನಲ್ಲೂ ಒಂದು ಹನಿ ಅಂಟು ಇರಲಿಲ್ಲ. ದೊಡ್ಡಪ್ಪ ಅವಳ ಹಿಂದೆಯೇ ಸುತ್ತುತ್ತಿದ್ದರು, ವಾರ್ಡಿನ ಬಾಗಿಲಲ್ಲಿ ಡಾಕ್ಟರ ಹಿಂದೆ ಓಡುವವರಂತೆ.

"ನೀರು ಬಿಡ್ತಾ ಇದ್ದೀನಿ ಮೇಡಂ. ಇನ್ನೂ ಜಾಸ್ತಿ ಬಿಡ್ಲಾ?"

"ಆಗಲ್ಲ ಮೇಸ್ತ್ರಿ. ಹುಳ ತನ್ನ ಜೊತೆ ಒಂದು ಬೂಸ್ಟು ತರತ್ತೆ. ಅದು ಮರದ ಒಳಗೆ ನೀರು ಹತ್ತೋ ದಾರೀನೇ ಮುಚ್ಚಿಬಿಡತ್ತೆ. ಇನ್ನು ನೀವು ಕೆರೆನೇ ತಂದು ಸುರಿದ್ರೂ ಮೇಲಕ್ಕೆ ಹೋಗಲ್ಲ."

"ಇನ್ನೂ ಹಸಿರಾಗಿದೆಯಲ್ಲ. ತಲೆ ಎತ್ತಿ ನೋಡಿ. ಒಂದು ಎಲೆ ಹಳದಿ ಇಲ್ಲ."

"ಕಿತ್ತು ಹೂದಾನಿಗೆ ಇಟ್ಟ ಹೂವೂ ನಾಲ್ಕು ದಿನ ಚೆನ್ನಾಗೇ ಇರತ್ತಲ್ಲ."

ದೊಡ್ಡ ಡಾಕ್ಟರು ಬಂದರು. ಮರ ಕಡಿಯಬೇಕು ಅಂತ ಹುಡುಗಿ ಹೇಳಿದಾಗ ಅವರಿಗೆ ಇಷ್ಟವಾಗಲಿಲ್ಲ. "ಇಷ್ಟು ಹಸಿರು ಮರ, ಅದೂ ಗೇಟಿನ ಎದುರಿಗೆ. ಜನ ಸುಮ್ಮನೆ ಬಿಡ್ತಾರೇನಮ್ಮ? ಒಣಗೋ ತನಕ ಕಾಯೋಣ. ಆಮೇಲೆ ಯಾರೂ ಕೇಳಲ್ಲ," ಅಂದರು. ಅವಳು ಏನೋ ಹೇಳಲು ಬಾಯಿ ತೆರೆಯುವುದರೊಳಗೆ ದೊಡ್ಡಪ್ಪನ ಕಡೆ ತಿರುಗಿದರು. "ನೀವೇನಂತೀರ ಮೇಸ್ತ್ರಿ? ನಿಮಗಿಂತ ಜಾಸ್ತಿ ಈ ಮರ ಯಾರಿಗೆ ಗೊತ್ತು?"

ಕಾಯೋಣ ಅಂದಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು. ದೊಡ್ಡಪ್ಪ ಮರದ ಮೇಲೆ ಕೈಯಿಟ್ಟು ನಿಂತರು. ಆಮೇಲೆ ರಸ್ತೆಯುದ್ದಕ್ಕೂ, ತಾವು ಕಟ್ಟೆ ಒಡೆದ ಮರಗಳ ಕಡೆ ನೋಡಿದರು. ಅವು ಇನ್ನೂ ಚೇತರಿಸಿಕೊಳ್ಳುತ್ತಿದ್ದವು. ಯಾವುದು ಉಳಿಯುತ್ತದೆ, ಯಾವುದು ಇಲ್ಲ ಅಂತ ಹೇಳುವ ಹಾಗಿರಲಿಲ್ಲ.

"ಕಡೀರಿ ಸಾರ್," ಅಂದರು. "ಒಣಗಿದ ಮೇಲೆ ಕಡಿದ್ರೆ ಬರೀ ಸೌದೆ ಕಡಿದ ಹಾಗೆ. ಅಷ್ಟರಲ್ಲಿ ಹುಳದ ಮರಿಗಳೆಲ್ಲ ಹಾರಿ ಪಕ್ಕದ ಮರದಲ್ಲಿ ಸಂಸಾರ ಹೂಡಿರ್ತವೆ. ಹಿಂದಿನ ಮೂರು ಮರಕ್ಕೂ ನಾವು ಅದೇ ಮಾಡಿದ್ವಿ."

"ಜನ ಗಲಾಟೆ ಮಾಡಿದ್ರೆ?"

"ನನ್ನ ಹೆಸರು ಹೇಳಿ."

ಕಡಿದ ದಿನ ಜನ ಸೇರಿದರು. ಗರಗಸ ಸದ್ದು ಮಾಡುತ್ತಿದ್ದಂತೆ ಬಸ್‌ಸ್ಟಾಪಿನವರೂ ಬಂದರು. "ಹಸಿರು ಮರ ಕಡೀತಾರಲ್ಲ, ಕರುಳು ಇಲ್ವಾ ಇವರಿಗೆ?" "ಯಾರು ಹೇಳಿದ್ದು ಕಡಿಯೋಕೆ?" ವಾಚ್‌ಮನ್ ಆ ಕಡೆ ಈ ಕಡೆ ನೋಡಿ ಕೆಮ್ಮಿದ. ಮಣ್ಣಿನ ರಾಶಿಯ ಪಕ್ಕ ನಿಂತಿದ್ದ ದೊಡ್ಡಪ್ಪ, "ನಾನೇ ಹೇಳಿದ್ದು," ಅಂದರು.

ಎದುರಿನ ಔಷಧಿ ಅಂಗಡಿಯವನು ಕಣ್ಣು ಬಿಟ್ಟ. "ಕಟ್ಟೆ ಮೇಸ್ತ್ರಿ, ನೀವಾ? ನೀವೇನಾ?"

"ನಾನೇ ಕಣಪ್ಪ."

ಮರ ನೆಲಕ್ಕೆ ಬಂದ ಮೇಲೆ ಡಾಕ್ಟರಮ್ಮ ತೊಗಟೆ ಎಬ್ಬಿಸಿ ತೋರಿಸಿದಳು. ಒಳಗೆ ಹುಳ ಕೊರೆದ ಸಂದಿಗೊಂದಿಗಳು, ಅದರೊಳಗೆ ಬಿಳಿ ಮರಿಗಳು ಮಿಸುಕಾಡುತ್ತಿದ್ದವು. ಹತ್ತಿರ ಇದ್ದವರು ನೋಡಿ ಸುಮ್ಮನಾದರು. ದೂರ ಇದ್ದವರು ನೋಡಲಿಲ್ಲ, ಬೈದುಕೊಂಡೇ ಬಸ್ಸು ಹತ್ತಿದರು. ಬೊಡ್ಡೆಯನ್ನು ಅವತ್ತೇ ಲಾರಿಗೆ ಹಾಕಿ ದೂರ ಸಾಗಿಸಿದರು, ತೊಗಟೆಯನ್ನು ಒಂದು ಚೂರೂ ಬಿಡದೆ ಸುಟ್ಟರು. ಆ ಹೊಗೆಯಲ್ಲಿ ಕೆಮ್ಮುತ್ತ ದೊಡ್ಡಪ್ಪ ಕೊನೆಯ ತನಕ ನಿಂತಿದ್ದರು. ಸ್ಕೂಟರಿನ ಹತ್ತಿರ ಬಂದಾಗ ನಾನು ಏನೂ ಕೇಳಿರಲಿಲ್ಲ, ಅವರೇ ಹೇಳಿದರು.

"ಅವಳು ಮೊದಲು ಇದನ್ನೇ ಒಡೀರಿ ಅಂದಿದ್ಲು."

ನಾನು ಸ್ಕೂಟರು ಸ್ಟಾರ್ಟ್ ಮಾಡಿದೆ.

ಆಮೇಲಿನ ದಿನಗಳು ಪೈಪು ಹಿಡಿಯುವ ದಿನಗಳು. ಒಂದು ಮರಕ್ಕೆ ನೀರು ಇಳಿಯಲು ಅರ್ಧ ದಿನ ಬೇಕು, ಜೋರಾಗಿ ಬಿಟ್ಟರೆ ಹರಿದು ಹೋಗುತ್ತದೆ. ನಿವೃತ್ತಿಯ ದಿನ ಬಂತು, ಹಾರ ಹಾಕಿದರು, ಹೆಡ್ ನರ್ಸ್ ಅಕ್ಕ ಎರಡು ಮಾತಾಡಿ ಕಣ್ಣೊರೆಸಿಕೊಂಡರು. ಮಾರನೆ ಬೆಳಗ್ಗೆ ದೊಡ್ಡಪ್ಪ ಮತ್ತೆ ಚಪ್ಪಲಿ ಮೆಟ್ಟಿಕೊಂಡರು.

"ಎಲ್ಲಿಗೆ?" ಅಂದರು ದೊಡ್ಡಮ್ಮ.

"ನೀರು ಬಿಡೋಕೆ."

"ಸಂಬಳ ನಿಂತ ಮೇಲೂ ಹೋಗೋ ಗಂಡಸನ್ನ ನಿಮ್ಮನ್ನೇ ನೋಡಿದ್ದು," ಅಂದರು ದೊಡ್ಡಮ್ಮ. ಆದರೆ ಊಟದ ಡಬ್ಬಿ ಆಗಲೇ ಕಟ್ಟಿಟ್ಟಿದ್ದರು.

ಮೊನ್ನೆ ಡಾಕ್ಟರಮ್ಮ ಬಂದಿದ್ದಳು. ನಾನೂ ಇದ್ದೆ. ವಾರ್ಡಿನ ಹತ್ತಿರದ ಮರಗಳ ತೊಗಟೆಯ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ಗಡ್ಡೆ ಕಾಣಿಸಿಕೊಂಡಿತ್ತು. ಒಂದರಲ್ಲಿ ಹುಳ ಇನ್ನೂ ಕಾಲಾಡಿಸುತ್ತಿತ್ತು. ಸಾಲಿನ ನಡುವಿನ ಒಂದು ಮರ ಮಾತ್ರ ಏನನ್ನೂ ಉಗುಳಿರಲಿಲ್ಲ, ಅದರ ಮೇಲೆ ತೂತೂ ಬಿದ್ದಿರಲಿಲ್ಲ. ಹಾಗಾಗಿ ಅದಕ್ಕೆ ಉಗುಳುವ ಶಕ್ತಿ ಬಂದಿದೆಯೋ ಇಲ್ಲವೋ ಗೊತ್ತಾಗುವಂತಿರಲಿಲ್ಲ.

"ಇವು ಉಳೀಬಹುದು ಮೇಸ್ತ್ರಿ," ಅಂದಳು.

"ಬಹುದು ಅಂದ್ರೆ?"

"ಇನ್ನೊಂದು ಬೇಸಿಗೆ ದಾಟಬೇಕು. ಒಂದು ಒಳ್ಳೆ ಮಳೆ ಬಂದ್ರೆ ಸಾಕು, ಆಮೇಲೆ ಅವುಗಳ ಪಾಡಿಗೆ ಅವು ನೋಡ್ಕೋತವೆ."

"ನೀವು ಡಾಕ್ಟರುಗಳೆಲ್ಲಾ ಒಂದೇ. ಗುಣ ಆಯ್ತು ಅಂತ ಯಾರೂ ಬಾಯಿ ಬಿಟ್ಟು ಹೇಳಲ್ಲ."

ಅವಳು ನಕ್ಕಳು. ದೊಡ್ಡಪ್ಪನೂ ನಗಲು ನೋಡಿದರು, ಅಷ್ಟರಲ್ಲಿ ಆಕಳಿಕೆ ಬಂತು. "ನಡುವಿನದಕ್ಕೆ ಇವತ್ತು ಜಾಸ್ತಿ ಹೊತ್ತು ಇಡ್ತೀನಿ," ಅಂದರು. ಒಂದು ಕೈಯಲ್ಲಿ ಮೊಣಕಾಲು ಒತ್ತಿಕೊಂಡು ಬಗ್ಗಿ, ಇನ್ನೊಂದು ಕೈಯಲ್ಲಿ ಪೈಪನ್ನು ಎಳೆದುಕೊಂಡು ಆ ಮರದ ಕಡೆ ನಡೆದರು.